ಇರುವೆ ನಾಡಿ

ಬೆಳಿಗ್ಗೆ ಊರಿನ ಆರೋಗ್ಯ ಕೇಂದ್ರದಲ್ಲಿ ಸಖೂಬಾಯಿಯ ಮಣಿಕಟ್ಟಿಗೆ ನರ್ಸ್ ನಾಡಿಪಟ್ಟಿಯನ್ನು ಸುತ್ತಿದಳು. ಪಟ್ಟಿಯ ಒಳಮೈಯಲ್ಲಿದ್ದ ಮೂರು ಮೆತ್ತನೆಯ ಗುಂಡಿಗಳು ಮೂರು ಬೆರಳುಗಳಂತೆ ನಾಡಿಯ ಮೇಲೆ ಕುಳಿತು, ಒಮ್ಮೆ ಹಗುರವಾಗಿ, ಒಮ್ಮೆ ಬಿಗಿಯಾಗಿ ಒತ್ತಿ ನೋಡಿದವು. ಒಂದು ನಿಮಿಷದಲ್ಲಿ ಚೀಟಿ ಹೊರಬಂತು. ‘ಗುಲ್ಕಂದ್, ದಿನಕ್ಕೆ ಎರಡು ಚಮಚ. ಮನಸ್ಸಿಗೆ ಬಂದದ್ದನ್ನು ತಿನ್ನಲಿ.’

“ಆಸ್ಪತ್ರಿಗಿ ಒಯ್ಯೋದು ಬ್ಯಾಡೇನ್ರಿ ಸಿಸ್ಟರ್?” ಎಂದು ಅವಳ ಗಂಡ ತುಕಾರಾಮ ಕೇಳಿದ. “ಎರಡ ದಿನದಿಂದ ಜ್ವರ ಇಳದಿಲ್ಲ.”

“ಪಟ್ಟಿ ಹೇಳ್ಯಾದಲ್ಲ? ಅದಕ್ಕಿಂತ ನಾ ಶಾಣ್ಯಾಳೇನು?”

ಸಖೂಬಾಯಿ ಬೆಂಚಿನ ಮೇಲೆ ಒರಗಿಕೊಂಡೇ ನಕ್ಕಳು. “ಮಷಿನ್ನೇ ಹೇಳ್ಯಾದ ನೋಡ್ರಿ. ಇವತ್ತು ಗೋಧಿ ಹುಗ್ಗಿ ಆಗ್ಲಿ. ನೀವು ಮಾತ್ರ ಒಲಿ ಮುಂದ ಕೂಡಬ್ಯಾಡ್ರಿ, ಬೆಲ್ಲದ ಬದಲಿ ಉಪ್ಪು ಹಾಕ್ತೀರಿ.”

ಕೊಂಗಳವಾಡಿಯಲ್ಲಿ ಗುಲ್ಕಂದ್ ಸಿಗುವುದಿಲ್ಲ. ಹುಗ್ಗಿ ಮಾಡಲು ಪಕ್ಕದ ಮನೆಯವಳಿಗೆ ಹೇಳಿ ತುಕಾರಾಮ ಬೀದರಿನ ಬಸ್ಸು ಹತ್ತಿದ.

ಒಳ್ಳೆಯ ಗುಲ್ಕಂದ್ ಸಿಗುತ್ತಿದ್ದುದು ಹಕೀಮ್ ಗೌಸ್ ಮೊಹಿಯುದ್ದೀನರ ದವಾಖಾನೆಯಲ್ಲಿ. ಹಕೀಮರಿಗೆ ಎಪ್ಪತ್ತನಾಲ್ಕು ವರ್ಷ. ಅವರದು ಯುನಾನಿ ವೈದ್ಯ. ಯುನಾನಿ ಎಂದರೆ ಗ್ರೀಕರದು ಎಂದರ್ಥ. ರೋಮಿನಲ್ಲಿದ್ದ ಗ್ರೀಕ್ ವೈದ್ಯ ಗ್ಯಾಲೆನ್ ನಾಡಿಯ ಬಡಿತಗಳನ್ನು ಬಗೆಬಗೆಯಾಗಿ ವಿಂಗಡಿಸಿ ಬರೆದಿಟ್ಟ. ಆ ಪುಸ್ತಕಗಳು ಅರಬ್ಬಿಗೆ ಹೋದವು, ಪಾರಸಿಗೆ ಬಂದವು, ಕೊನೆಗೆ ಬೀದರಿನ ಈ ಓಣಿಯನ್ನೂ ತಲುಪಿದವು. ಹಕೀಮರು ಗ್ಯಾಲೆನ್‌ನನ್ನು ಜಾಲಿನೂಸ್ ಎಂದು ಕರೆಯುತ್ತಿದ್ದರು, ಪಕ್ಕದ ಓಣಿಯ ಹಿರಿಯನೊಬ್ಬನ ಹೆಸರು ಹೇಳಿದ ಹಾಗೆ.

ನಾಡಿಪಟ್ಟಿ ಹುಟ್ಟಿದ್ದು ಇವರ ಬೆರಳುಗಳಿಂದ. ಎಂಜಿನಿಯರ್ ಸುಗಲಾ ಬಿರಾದಾರ ಮೂರು ವರ್ಷ ಇವರ ಬೆರಳ ತುದಿಗೆ ಕೂದಲಿಗಿಂತ ತೆಳುವಾದ ಒತ್ತಡಗ್ರಾಹಿಗಳನ್ನು ಅಂಟಿಸಿ ಆರು ಸಾವಿರ ರೋಗಿಗಳ ನಾಡಿಯನ್ನು ದಾಖಲಿಸಿದ್ದಳು. ಬೆರಳಿಗೆ ತಿಳಿದದ್ದು ಒಂದು ಕಡೆ, ಬಾಯಿ ಹೇಳಿದ್ದು ಇನ್ನೊಂದು ಕಡೆ. ಎರಡನ್ನೂ ಜೋಡಿಸಲು ಯಂತ್ರ ಕಲಿಯಿತು. ಈಗ ಐದು ಜಿಲ್ಲೆಗಳ ಹಳ್ಳಿಗಳಲ್ಲಿ ಮೊದಲ ಪರೀಕ್ಷೆ ಅದರದೇ. ಅದು ಆಸ್ಪತ್ರೆಗೆ ಕಳಿಸು ಎಂದರೆ ಚಾಲಕನಿಲ್ಲದ ಆಂಬ್ಯುಲೆನ್ಸ್ ಮನೆ ಬಾಗಿಲಿಗೆ ಬರುತ್ತಿತ್ತು. ಬೇಡ ಎಂದರೆ ಯಾರೂ ಎರಡನೆಯ ಮಾತು ಕೇಳುತ್ತಿರಲಿಲ್ಲ.

ಹಕೀಮರು ಚೀಟಿ ಓದಿದರು. ಗುಲ್ಕಂದಿನ ಬರಣಿಯತ್ತ ಹೋದ ಕೈ ಅಲ್ಲೇ ನಿಂತಿತು.

“ಇದು ಯಾರಿಗಪ್ಪಾ?”

“ನಮ್ಮ ಮನ್ಯಾಕಿಗ್ರಿ. ತೊಗರಿ ಕೊಯ್ಯುವಾಗ ಕಾಲಿಗೆ ಕುಡಗೋಲು ಬಡದದ. ಜ್ವರ ಬಂದಾವ.”

ಹಕೀಮರು ತಕ್ಷಣ ಫೋನ್ ಎತ್ತಿದರು.

“ಸುಗಲಾ ಬೇಟಿ, ನಿಮ್ಮ ಪಟ್ಟಿ ‘ಮನಸ್ಸಿಗೆ ಬಂದದ್ದು ತಿನ್ನಲಿ’ ಅಂತ ಬರದದ. ಇದನ್ನ ಯಾರು ಕಲಿಸ್ಯಾರ ಅದಕ್ಕ?”

“ನೀವೇ, ಹಕೀಮ್ ಸಾಬ್. ಎಂಬತ್ಮೂರು ಮಂದಿಗೆ ಹೇಳೀರಿ.”

“ಎಂಥಾವರಿಗೆ ಹೇಳೀನಿ, ಗೊತ್ತದೇನು?”

“ಅಂಥಾ ದೊಡ್ಡ ರೋಗ ಇಲ್ಲದವರಿಗೆ ಅಂತ ಬರಕೊಂಡೀವಿ.”

“ಸಾಯೋರಿಗೆ ಹೇಳೀನಿ.”

ಹಕೀಮರು ಮುಂದುವರಿಸಿದರು. “ಇರುವೆ ಹರದಂಗ ನಾಡಿ ಬರ್ತದ. ಸಣ್ಣದು, ಬಾಳ ಜೋರು. ಜಾಲಿನೂಸ್‌ನ ಕಾಲದಿಂದ ಅದನ್ನ ಸಾವಿನ ನಾಡಿ ಅಂತಾರ. ರೋಗಿ ಮುಂದ ಸಾವಿನ ಮಾತು ತೆಗಿಬಾರದು, ಏನರ ಸಿಹಿ ಕೊಟ್ಟು ಕಳಸಬೇಕು ಅಂತ ನಮ್ಮ ಅಬ್ಬಾ ಕಲಿಸಿದ್ರು. ಅದನ್ನ ಔಷಧ ಅಂತ ಬರಕೊಂಡೀರಾ?”

“ನೀವು ಒಮ್ಮೆನೂ ಹೇಳಲಿಲ್ಲ.”

“ನೀವು ಒಮ್ಮೆನೂ ಕೇಳಲಿಲ್ಲ.”

ತುಕಾರಾಮ ಕೌಂಟರಿನ ಈಚೆ ನಿಂತು ಇಷ್ಟನ್ನೂ ಕೇಳಿದ. ಅವನು ಬರಿಗೈಯಲ್ಲಿ ಬಸ್ ನಿಲ್ದಾಣದ ಕಡೆ ಓಡಿದ.

ಸುಗಲಾ ಕಳಿಸಿದ ಆಂಬ್ಯುಲೆನ್ಸ್ ಅವನಿಗಿಂತ ಮೊದಲು ಊರು ಸೇರಿತು. ಸಖೂಬಾಯಿ ಎರಡು ಚಮಚ ಹುಗ್ಗಿ ತಿಂದು ಮಲಗಿದ್ದಳು. ಆಸ್ಪತ್ರೆಯ ಬಾಗಿಲು ತಲುಪುವಷ್ಟರಲ್ಲಿ ಸತ್ತಿದ್ದಳು. ರಕ್ತನಂಜು ಎಂದರು ಡಾಕ್ಟರು. ಬೆಳಿಗ್ಗೆ ತಂದಿದ್ದರೆ ಉಳಿಯುತ್ತಿದ್ದಳು ಎಂದೂ ಹೇಳಿದರು. ಅವರಿಗೆ ಇನ್ನೂ ರೋಗಿಗಳಿದ್ದರು, ಅಷ್ಟು ಹೇಳಿ ಒಳಗೆ ಹೋದರು.

ಐದೂ ಜಿಲ್ಲೆಗಳಲ್ಲಿ ಪಟ್ಟಿಗಳನ್ನು ನಿಲ್ಲಿಸಲಾಯಿತು. ವಾರದ ನಂತರ ಸುಗಲಾ ಎಂಬತ್ಮೂರು ದಾಖಲೆಗಳನ್ನು ಹಿಡಿದು ದವಾಖಾನೆಗೆ ಬಂದಳು. ಯಂತ್ರಕ್ಕೆ ಮರಳಿ ಕಲಿಸಬೇಕಾಗಿತ್ತು. ಹಕೀಮರು ಒಂದೊಂದೇ ನಾಡಿಯನ್ನು ಪರದೆಯ ಮೇಲೆ ಬೆರಳಿಟ್ಟು ನೋಡಿದರು. ಆಗ ಹೇಳದೆ ಉಳಿಸಿಕೊಂಡದ್ದನ್ನು ಈಗ ಹೇಳಿದರು. ಇರುವೆ. ಇರುವೆ. ಇದೂ ಇರುವೆ.

ಕೊನೆಯದು ಮುಗಿದ ಮೇಲೆ ಅವರು ಕೇಳಿದರು. “ಇವರೊಳಗ ಆಸ್ಪತ್ರಿಗಿ ಹೋಗಿದ್ರ ಎಷ್ಟು ಮಂದಿ ಉಳೀತಿದ್ರು?”

“ಅದು ಬ್ಯಾಡ ಬಿಡ್ರಿ, ಹಕೀಮ್ ಸಾಬ್.”

“ಹೇಳು.”

“ಲೆಕ್ಕಕ್ಕೆ ಸಿಕ್ಕವರು ಮೂವತ್ತೇಳು.”

“ಮೂರು ವರ್ಷದಾಗ ಮೂವತ್ತೇಳು.” ಹಕೀಮರು ಕನ್ನಡಕ ತೆಗೆದರು. “ನಾ ಈ ಕುರ್ಚಿ ಮ್ಯಾಲ ಕೂತು ನಲವತ್ತಾರು ವರ್ಷ ಆತು.”

ಸುಗಲಾ ಗುಣಾಕಾರ ಮಾಡಲಿಲ್ಲ. ಆಸ್ಪತ್ರೆ ದವಾಖಾನೆಯಿಂದ ಅರ್ಧ ಮೈಲಿ ದೂರದಲ್ಲಿತ್ತು. ಗ್ಯಾಲೆನ್‌ನ ಕಾಲದಲ್ಲಿ ಆ ನಾಡಿಗೆ ಮದ್ದಿರಲಿಲ್ಲ. ಅವನು ತನಗೆ ಕಂಡದ್ದನ್ನು ಸರಿಯಾಗಿಯೇ ಬರೆದಿದ್ದ.

ಬಾಗಿಲಲ್ಲಿ ತುಕಾರಾಮ ನಿಂತಿದ್ದ. ಎಷ್ಟು ಹೊತ್ತಿನಿಂದ ಎಂಬುದನ್ನು ಇಬ್ಬರೂ ಗಮನಿಸಿರಲಿಲ್ಲ. ಬೈಯಲು ಬಂದಿರಬೇಕೆಂದು ಹಕೀಮರು ಎದ್ದು ನಿಂತರು.

“ಬೈರಿ ಅಪ್ಪಾ. ನಂದೇ ತಪ್ಪು.”

“ಬೈಲಿಕ್ಕಿ ಬಂದಿಲ್ರಿ,” ಎಂದ ತುಕಾರಾಮ. “ಒಂದು ಕೇಳಬೇಕಾಗ್ಯಾದ. ನಾ ಸಣ್ಣಾವಿದ್ದಾಗ ನಮ್ಮಪ್ಪನ್ನ ಇಲ್ಲಿಗೇ ಕರಕೊಂಡು ಬಂದಿದ್ರು. ನೀವು ಗುಲ್ಕಂದ್ ಕೊಟ್ಟು, ಬೇಕಾದ್ದು ತಿನ್ನು ಅಂದಿದ್ರಿ. ಖುಷಿಲೆ ಮನಿಗಿ ಬಂದ. ನಾಕು ದಿನಕ್ಕ ಹೋದ. ನಮ್ಮವ್ವ ಸಾಯೋತನಕ ನಿಮಗ ಒಳ್ಳೇದಾಗ್ಲಿ ಅಂತಿದ್ದಳು. ಅವಂದು ಯಾವ ನಾಡಿ ಇತ್ರಿ?”

ಹಕೀಮರಿಗೆ ಆ ಮನುಷ್ಯ ಯಾರೆಂದು ನೆನಪಿರಲಿಲ್ಲ. ಅವರು ಸುಗಲಾಳ ಕಡೆ ನೋಡಿದರು, ಆಮೇಲೆ ತುಕಾರಾಮನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು.

“ಮುಪ್ಪಿನ ನಾಡಿ ಇತ್ತಪ್ಪಾ. ಯಾರ ಕೈಯಾಗೂ ಏನೂ ಇರಲಿಲ್ಲ.”

ತುಕಾರಾಮ ಕೈ ಬಿಡಿಸಿಕೊಂಡ.

“ಅವಗ ಆವಾಗ ಮೂವತ್ತೆಂಟು ವರ್ಷರಿ,” ಎಂದ.