ಬಿಸಿ ಆರದ ಗಂಜಿ

ನಿತೀಶನ ಕನ್ನಡಕಕ್ಕೆ ಹಬೆ ಹಿಡಿದದ್ದೇ ನಮ್ಮಿಬ್ಬರ ಮೊದಲ ಭೇಟಿ.

ಗರುಡಾಚಾರ್‌ಪಾಳ್ಯದಲ್ಲಿ ನಮ್ಮದು ಮೋಟಾರಿನ ಬಿಡಿಭಾಗ ತಯಾರಿಸುವ ಯೂನಿಟ್. ಊಟದ ಕೋಣೆಯಲ್ಲಿ ಇರುವುದು ಒಂದೇ ಮೈಕ್ರೋವೇವ್, ಅದರ ಮುಂದೆ ರೇಷನ್ ಅಂಗಡಿಯಂಥ ಕ್ಯೂ. ನಾನು ಆ ಕ್ಯೂನಲ್ಲಿ ಯಾವತ್ತೂ ನಿಂತವಳಲ್ಲ. ಅಂದು ನನ್ನೆದುರು ಕೂತು ತಣ್ಣಗಿನ ಚಪಾತಿಯ ಜೊತೆ ಗುದ್ದಾಡುತ್ತಿದ್ದ ಪರ್ಚೇಸ್ ವಿಭಾಗದ ಹೊಸ ಹುಡುಗ, ನಾನು ಸ್ಟೀಲ್ ಹಾಟ್‌ಬಾಕ್ಸಿನ ಮುಚ್ಚಳ ತಿರುಗಿಸಿದ್ದೇ ತಡ, ಬಗ್ಗಿ ಇಣುಕಿದ. ಹಬೆ ನೇರ ಅವನ ಮುಖಕ್ಕೇ ಹೊಡೆಯಿತು.

"ಏನ್ರೀ ಇದು, ಒಲೆನೇ ಒಳಗಿಟ್ಕೊಂಡು ಬಂದಿದೀರಾ?"

"ಇಣುಕೋರಿಗೆ ಹಂಗೇ ಆಗ್ಬೇಕು."

ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸುತ್ತಾ, ಏನೂ ಕಾಣದ ಕಣ್ಣಿನಿಂದ ನಾನಿದ್ದ ಕಡೆಗಿಂತ ಸ್ವಲ್ಪ ಆಚೆ ನೋಡಿ ನಕ್ಕ. ಆ ದಿಕ್ಕು ತಪ್ಪಿದ ನಗು ನನಗೆ ಹಿಡಿಸಿಬಿಟ್ಟಿತು. ಹಾಗಂತ ತೋರಿಸಿಕೊಳ್ಳಲಿಲ್ಲ. ನನ್ನ ಮುಖವೂ ಹಾಟ್‌ಬಾಕ್ಸಿನ ಹಾಗೆಯೇ, ಹೊರಗಿನಿಂದ ಮುಟ್ಟಿದರೆ ಒಳಗಿನದು ಗೊತ್ತಾಗುವುದಿಲ್ಲ.

ಗುಟ್ಟೇನು ಅಂತ ಕೇಳಿದ. ಹೇಳಿಕೊಟ್ಟೆ. ಊಟ ತುಂಬುವ ಮೊದಲು ಡಬ್ಬಿಗೆ ಕುದಿಯುವ ನೀರು ಹೊಯ್ದು ಮುಚ್ಚಿಡಬೇಕು. ಡಬ್ಬಿಯೇ ಬಿಸಿಯಾದ ಮೇಲೆ ನೀರು ಚೆಲ್ಲಿ, ಒರೆಸಿ, ಒಲೆಯಿಂದ ಇಳಿಸಿದ್ದನ್ನು ಹಾಗೇ ಬಾಯಿಮಟ್ಟ ತುಂಬಬೇಕು. ಆಮೇಲೆ ಉಣ್ಣುವ ತನಕ ಮುಚ್ಚಳ ತೆಗೆಯುವ ಹಾಗಿಲ್ಲ.

"ಮಧ್ಯದಲ್ಲಿ ಒಂದ್ಸಲ ನೋಡ್ಬೇಕು ಅನ್ಸಿದ್ರೆ?"

"ಆಸೆ ತಡ್ಕೋಬೇಕು."

"ಅದೇ ಕಷ್ಟ ಕಣ್ರೀ," ಎಂದ, ಡಬ್ಬಿಯನ್ನಲ್ಲ, ನನ್ನನ್ನು ನೋಡಿಕೊಂಡು.

ಒಂದು ವರ್ಷದಲ್ಲಿ ಆ 'ರೀ' ಹೋಯಿತು. ನನ್ನ ಡಬ್ಬಿಯಲ್ಲಿ ಅರ್ಧ ಅವನದಾಯಿತು. ನಮ್ಮಮ್ಮನ ಬಸ್ಸಾರಿಗೆ ಬೆರಳು ಚೀಪಿಕೊಂಡು, ಡಬ್ಬಿಯನ್ನು ಮನೆಗೆ ಒಯ್ದು ತೊಳೆದು ತರುತ್ತಿದ್ದ. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ಅವರಮ್ಮ ಕಲಿಸಿದ್ದರಂತೆ. ಹಾಗಾಗಿ ಒಂದು ದಿನ ಅದರೊಳಗೆ ಬೆಲ್ಲದ ಚೂರು, ಒಂದು ದಿನ ಅವರ ಹಿತ್ತಲಿನ ಸೀಬೆಹಣ್ಣು, ಒಂದು ದಿನ ಎರಡು ಸಂಪಿಗೆ. ಸಂಪಿಗೆ ಬಂದ ದಿನ ನಾನು ಇನ್ನು ಅನ್ನವೂ ಅದೇ ವಾಸನೆ ಹೊಡೆಯುತ್ತದೆ ಎಂದು ಬೈದೆ. ಹೂವನ್ನು ಮಾತ್ರ ಮುಡಿದುಕೊಂಡೆ.

ನಾವಿಬ್ಬರೂ ಮುಂದೆ ಹಾಕುತ್ತಾ ಬಂದ ಮಾತೊಂದಿತ್ತು. ಅವನದು ಗರುಡಾಚಾರ್‌ಪಾಳ್ಯದ ಕಡೆಯ ಹಳೇ ಊರಿನ ಮನೆತನ. ಅಜ್ಜ ದೊಡ್ಡಮುನಿಯಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಕಟ್ಟಡಗಳು ಎದ್ದಿವೆ. ನಮ್ಮದು ಹಲಸೂರಿನ ಎರಡು ಕೋಣೆಯ ಮನೆ. ಹಾಲ್‌ನಲ್ಲಿ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ನಮ್ಮಜ್ಜಿ ಹುಡುಗಿಯಾಗಿದ್ದಾಗ ಅವರ ಊರ ಕಡೆಯೇ ಕೂಲಿಗೆ ಹೋಗುತ್ತಿದ್ದಳು. ಕೈ ತಾಗದ ಹಾಗೆ ಮುದ್ದೆಯನ್ನು ಮೇಲಿನಿಂದ ಅವಳ ಸೆರಗಿಗೆ ಹಾಕುತ್ತಿದ್ದರಂತೆ. ಇದನ್ನು ನಿತೀಶನಿಗೆ ಹೇಳಿದ್ದೆ. ಅವನು ತಲೆ ತಗ್ಗಿಸಿ, "ಮನೇಲಿ ನಾನೇ ಹೇಳ್ತೀನಿ, ಸ್ವಲ್ಪ ಟೈಮ್ ಕೊಡು," ಎಂದಿದ್ದ. ಕೊಟ್ಟಿದ್ದೆ.

ಅಷ್ಟರಲ್ಲಿ ಅವನ ತಾಯಿ ಆಂಜನಮ್ಮನವರಿಗೆ ಅನ್ನನಾಳದಲ್ಲಿ ಗಡ್ಡೆ ಕಾಣಿಸಿತು. ಬೆನ್ಸನ್ ಟೌನ್ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ನಿನ ಹಂತ ದಾಟಿದೆ ಎಂದರು ಡಾಕ್ಟರು. ಗಂಜಿ ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲ, ಅದೂ ಬೆಚ್ಚಗಿದ್ದರೆ ಮಾತ್ರ. ಆಸ್ಪತ್ರೆಯ ಗಂಜಿ ವಾರ್ಡಿಗೆ ಬರುವಷ್ಟರಲ್ಲಿ ಆರಿ ಕೆನೆಗಟ್ಟಿರುತ್ತಿತ್ತು. ರಜೆ ಹಾಕಿ ಅಮ್ಮನ ಪಕ್ಕ ಕೂತಿದ್ದ ನಿತೀಶ ಫೋನಿನಲ್ಲಿ ಅತ್ತುಬಿಟ್ಟ.

"ನಾನು ಮಾಡಿ ಕೊಡ್ತೀನಿ, ಅಳ್ಬೇಡ," ಎಂದೆ.

ಅಂದಿನಿಂದ ಬೆಳಿಗ್ಗೆ ಹಲಸೂರು ಮೆಟ್ರೋ ಸ್ಟೇಷನ್ನಿನ ಕೆಳಗೆ ಅವನು ಬೈಕಿನಲ್ಲಿ ಬರುತ್ತಿದ್ದ. ನಾನು ಡಬ್ಬಿ ಕೊಟ್ಟು ಕೆಲಸಕ್ಕೆ ರೈಲು ಹತ್ತುತ್ತಿದ್ದೆ. ಅಕ್ಕಿ, ಹೆಸರುಬೇಳೆ ಬೇಯಿಸಿ ನುಣ್ಣಗೆ ಕಡೆದು, ಜೀರಿಗೆ, ಒಂದು ಹನಿ ತುಪ್ಪ. ಸಂಜೆ ನಾನು ಇಳಿಯುವ ಹೊತ್ತಿಗೆ ತೊಳೆದ ಡಬ್ಬಿ ಹಿಡಿದು ಅಲ್ಲೇ ನಿಂತಿರುತ್ತಿದ್ದ.

"ಪೂರ್ತಿ ಕುಡಿದ್ಲು."

"ನನ್ನ ಬಗ್ಗೆ ಏನಂದ್ರು?"

"ಕೈಗುಣ ಚೆನ್ನಾಗಿದೆ ಅಂದ್ಲು," ಎಂದು ಬೈಕಿನ ಕೀಲಿ ನೋಡಿಕೊಂಡು ಹೇಳುತ್ತಿದ್ದ. ಯಾಕೆ ನನ್ನ ಮುಖ ನೋಡುತ್ತಿಲ್ಲ ಎಂದು ನಾನು ಯೋಚಿಸಲೇ ಇಲ್ಲ. ಅಂಥ ಸಾವಿನ ನೆರಳಿನಲ್ಲೂ ನನಗೆ ಖುಷಿಯಾಗುತ್ತಿತ್ತು. ನನ್ನ ಕೈಯಡುಗೆ ಆ ಮನೆಯ ಒಳಗೆ ಹೋಗಿದೆ, ಇನ್ನು ನಾನು ಹೋಗುವುದೆಷ್ಟು ದೂರ ಎಂದುಕೊಳ್ಳುತ್ತಿದ್ದೆ.

ಒಂದು ಶನಿವಾರ ನನಗೆ ರಜೆ. ನಿತೀಶ ಸ್ಕ್ಯಾನಿನ ರಿಪೋರ್ಟಿಗಾಗಿ ಬೇರೆ ಕಡೆ ಓಡಬೇಕಿತ್ತು. "ಕೆಳಗೆ ಸೆಕ್ಯುರಿಟಿ ಹತ್ರ ಕೊಟ್ಟು ಹೋಗು, ಮೇಲೆ ಬಿಡಲ್ಲ," ಎಂದ. ಸೊಸೆಯಾಗುವವಳು ಸೆಕ್ಯುರಿಟಿ ಹತ್ತಿರ ಕೊಟ್ಟು ಬರುವುದುಂಟೇ? ಇದ್ದುದರಲ್ಲಿ ಒಳ್ಳೆಯ ಚೂಡಿದಾರ್ ಹಾಕಿಕೊಂಡು ಸೀದಾ ವಾರ್ಡಿಗೇ ಹೋದೆ. ಯಾರೂ ತಡೆಯಲಿಲ್ಲ.

ಹೊದಿಕೆಯ ಕೆಳಗೆ ಮನುಷ್ಯರಿದ್ದಾರೆ ಎಂದು ತಿಳಿಯದಷ್ಟು ಸೊರಗಿದ್ದರು ಆಂಜನಮ್ಮ. ನನ್ನ ಕೈಯ ಡಬ್ಬಿ ನೋಡಿ ಅವರ ಕಣ್ಣು ಅರಳಿತು.

"ಬಾ ತಾಯಿ. ಮೆಸ್ಸಿಂದ ಬಂದ್ಯಾ?"

"ಯಾವ ಮೆಸ್ಸು ಅಮ್ಮ?"

"ಅದೇ, ಅಯ್ಯಂಗಾರ್ ಅಮ್ಮನ ಮೆಸ್ಸು. ನನ್ನ ಮಗ ದಿನಾ ತರ್ತಾನಲ್ಲ. ಮಡಿ ಅಡುಗೆ ಅಂತ ಹೇಳಿದ್ಮೇಲೇನೇ ನಾನು ಬಾಯಿಗಿಟ್ಟಿದ್ದು. ಕಂಡ್ಕಂಡೋರ ಕೈದು ನಾನು ತಿನ್ನಲ್ಲ ಅಂತ ಅವನಿಗೆ ಗೊತ್ತು."

ಮುಚ್ಚಳ ತಿರುಗಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಡಬ್ಬಿ ಎತ್ತಿಕೊಂಡು ಹೊರಟುಬಿಡಬಹುದಿತ್ತು. ಆದರೆ ಆಕೆ ಆಗಲೇ ಮಗುವಿನ ಹಾಗೆ ಬಾಯಿ ತೆರೆದಿದ್ದರು. ಹಸಿದವರ ಮುಂದೆ ಡಬ್ಬಿ ಹಿಡಿದು ಜಗಳವಾಡುವುದು ನನಗೆ ಬರಲಿಲ್ಲ. ಚಮಚದಲ್ಲಿ ಕುಡಿಸಿದೆ. ಗುಟುಕು ಗುಟುಕಿಗೂ ಕಣ್ಣು ಮುಚ್ಚಿ ನೋವು ತಡೆದುಕೊಂಡು, ಮತ್ತೆ ಬಾಯಿ ತೆರೆಯುತ್ತಿದ್ದರು.

"ನೀನು ಉಂಡ್ಯಾ ಮಗಳೇ?" ಎಂದು ನನ್ನ ಮುಂಗೈ ಹಿಡಿದು ಕೇಳಿದರು. ಇಷ್ಟು ಒಳ್ಳೆಯ ಹೆಂಗಸಾಗಿದ್ದಕ್ಕೆ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಬಾಯಿ ಒರೆಸುವಾಗ ಕೊನೆಗೂ ಕೇಳಿಯೇ ಬಿಟ್ಟರು.

"ಯಾರ ಪೈಕಿ ನೀನು?"

"ಹಲಸೂರಿನವಳು."

"ಊರಲ್ಲ ತಾಯಿ. ಯಾರ ಪೈಕಿ ಅಂದೆ."

ಹೇಳಲು ನನಗೆ ಯಾವ ನಾಚಿಕೆಯೂ ಇರಲಿಲ್ಲ. ಆದರೆ ಅದನ್ನು ಹೇಳಬೇಕಾದವಳು ನಾನಲ್ಲ, ನಿತೀಶ. ಡ್ರಿಪ್ ಬದಲಿಸಲು ನರ್ಸ್ ಬಂದದ್ದೇ ನೆಪವಾಗಿ ಡಬ್ಬಿ ಮುಚ್ಚಿಕೊಂಡು ಹೊರಬಂದೆ.

ಔಷಧಿ ಅಂಗಡಿಯ ಪಕ್ಕ ನಿತೀಶ ಸಿಕ್ಕ. ನಾನು ಮೆಟ್ಟಿಲು ಇಳಿದು ಬಂದದ್ದನ್ನು ನೋಡಿಯೇ ಅವನ ಮುಖ ಬಿಳಿಚಿತು.

"ಅಮ್ಮ ಸಾಯ್ತಿದ್ದಾಳೆ ಯಮುನಾ. ನಾಲ್ಕು ಚಮಚ ಒಳಗೆ ಹೋಗ್ಲಿ ಅಂತ ಒಂದು ಸುಳ್ಳು ಹೇಳ್ದೆ. ಅಷ್ಟೇ."

"ನನ್ನ ಗಂಜಿ ಬೇಕು, ನನ್ನ ಹೆಸರು ಬೇಡ."

"ಈಗ ಹೇಳಿದ್ರೆ ತಿನ್ನೋದೇ ಬಿಟ್ಬಿಡ್ತಾಳೆ. ಎಲ್ಲಾ ಮುಗಿದ ಮೇಲೆ ನಾವು..."

"ಮುಗಿದ ಮೇಲೆ ಮದುವೆ ಆಗ್ತೀಯ. ಅಂದ್ರೆ ನಾನು ನಿಮ್ಮನೆ ಹೊಸಿಲು ದಾಟೋಕೆ ನಿಮ್ಮಮ್ಮ ಸಾಯ್ಬೇಕಾ ನಿತೀಶ್?"

ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸತೊಡಗಿದ. ಹಬೆಯಿಲ್ಲದೆ ಅವನು ಹಾಗೆ ಮಾಡಿದ್ದನ್ನು ಅಂದೇ ಮೊದಲು ನೋಡಿದ್ದು.

"ಅವರು ಇರುವಾಗ್ಲೇ ಹೇಳು," ಎಂದೆ. "ಆಗಲ್ಲ ಅಂದ್ರೆ ನಾವಿಬ್ರೂ ಇಲ್ಲಿಗೆ ಬಿಟ್ಬಿಡೋಣ. ಗಂಜಿ ನಿಲ್ಸಲ್ಲ, ಹೆದರ್ಬೇಡ. ಆದ್ರೆ ಹೇಳೋವರೆಗೂ ನನ್ನ ಜೊತೆ ಮಾತಾಡ್ಬೇಡ."

ಮಾತಿಲ್ಲದೆ ದಿನಗಳು ಹೋದವು. ಬೆಳಿಗ್ಗೆ ಡಬ್ಬಿ ಕೊಡುತ್ತಿದ್ದೆ, ಸಂಜೆ ಈಸಿಕೊಳ್ಳುತ್ತಿದ್ದೆ. ಒಳಗೆ ಸಂಪಿಗೆ ಇರುತ್ತಿತ್ತು. ಸ್ಟೇಷನ್ನಿನ ಕಟ್ಟೆಯ ಮೇಲೇ ಅದನ್ನು ಇಟ್ಟು ಬರುತ್ತಿದ್ದೆ. ಮನೆಯ ಕಡೆ ನಡೆಯುತ್ತಾ ಒಮ್ಮೆ ತಿರುಗಿ ನೋಡಿದರೆ, ಅವನು ಆ ಹೂವನ್ನು ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆದರೂ ನಾನು ವಾಪಸ್ ಹೋಗಲಿಲ್ಲ.

ನಮ್ಮಮ್ಮ ಭಾಗ್ಯಲಕ್ಷ್ಮಿ ಒಂದು ಬೆಳಿಗ್ಗೆ ಒಲೆಯ ಪಕ್ಕ ನಿಂತು ಕೇಳಿದಳು. "ನಿಮ್ಮಜ್ಜಿ ಸೆರಗೊಡ್ಡಿದ್ದು ಸಾಲ್ದು ಅಂತ ನೀನು ಕದ್ದು ಉಣಿಸ್ತಿದೀಯಾ?"

"ಹಸ್ಕೊಂಡಿದಾರಮ್ಮ ಅವರು."

"ಅದು ನಂಗೂ ಗೊತ್ತು," ಎಂದು ಅಮ್ಮ ನನ್ನ ಕೈಯಿಂದ ಸೌಟು ಇಸಿದುಕೊಂಡು ತಾನೇ ಗಂಜಿ ತಿರುವಿದಳು. "ತಳ ಹಿಡಿಯತ್ತೆ, ಸರಿ ಅತ್ಲಾಗೆ." ಆಮೇಲೆ ಅದರ ಸುದ್ದಿ ಎತ್ತಲಿಲ್ಲ.

ಒಂದು ಸಂಜೆ ಸ್ಟೇಷನ್ನಿನಿಂದ ಇಳಿದು ಬಂದು ಕೈ ಚಾಚಿದೆ. ಡಬ್ಬಿ ಭಾರವಾಗಿತ್ತು.

ಮುಚ್ಚಳ ಬೆಳಿಗ್ಗೆ ನಾನು ಬಿಗಿ ಮಾಡಿದ್ದ ಹಾಗೇ ಇತ್ತು. ಸಂಪಿಗೆ ಇಡಲು ಅದರಲ್ಲಿ ಜಾಗವಿರಲಿಲ್ಲ. ನಾನು ನಿತೀಶನ ಮುಖ ನೋಡಿದೆ. ಅವನು ಆಚೆ ಈಚೆ ನೋಡಲಿಲ್ಲ, ನನ್ನ ಕಣ್ಣನ್ನೇ ನೋಡುತ್ತಾ ನಿಂತಿದ್ದ. ಇಬ್ಬರೂ ಹಲಸೂರು ಕೆರೆಯ ಕಡೆ ನಡೆದು ಕಲ್ಲುಬೆಂಚಿನ ಮೇಲೆ ಕೂತೆವು. ಮುಚ್ಚಳ ತಿರುಗಿಸಿದೆ. ಹಬೆ ಎದ್ದಿತು. ಅವನ ಕನ್ನಡಕ ಮಬ್ಬಾಗಿ, ಕಣ್ಣು ಕಾಣದಾಯಿತು.

"ಹೇಳಿದ್ಯಾ?"

"ಹೇಳ್ದೆ."

"ಏನಂದ್ರು? ನಿಜ ಹೇಳು. ಇನ್ನೊಂದು ಮೆಸ್ಸಿನ ಕಥೆ ಬೇಡ."

"ಇಷ್ಟು ದಿನ ಕುಡಿದಿದ್ದೂ ಅವಳದೇನಾ ಅಂದ್ಲು. ಹೂಂ, ಅವಳನ್ನೇ ಮದುವೆ ಆಗ್ತೀನಿ ಅಂದೆ. ಬಾಯೊಳಗೆ ಬೆರಳು ಹಾಕ್ಕೊಂಡ್ಲು, ಕಕ್ಕೋಕೆ. ಏನೂ ಬರ್ಲಿಲ್ಲ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಲು. ಬೆಳಿಗ್ಗೆಯಿಂದ ನೀರೂ ಮುಟ್ಟಿಲ್ಲ."

ನಾನೇ ಒರೆಸಿದ್ದ ಬಾಯಿ ಅದು. ನನ್ನ ಮುಂಗೈ ಹಿಡಿದು ಉಂಡ್ಯಾ ಎಂದು ಕೇಳಿದ ಕೈಯ ಬೆರಳು ಅದು. ಅವಮಾನಕ್ಕೆ ಮೈಯೆಲ್ಲ ಉರಿಯಿತು. ನನ್ನ ಹಠಕ್ಕೆ ಸಾಯುವ ಜೀವವೊಂದು ಹಸಿದು ಮಲಗಿದೆ ಎಂದು ಎದೆ ಹಿಂಡಿತು. ಇವೆರಡರ ನಡುವೆಯೇ, ಇವನು ಕೊನೆಗೂ ಹೇಳಿದ ಎಂಬ ಪ್ರೀತಿಯೂ ಉಕ್ಕಿ ಬಂತು. ಯಾವುದಕ್ಕೆ ಅಳುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ.

"ಚೆಲ್ಬಿಡ್ಲಾ?" ಎಂದು ಮೆಲ್ಲಗೆ ಕೇಳಿದ.

"ಯಾಕೆ ಚೆಲ್ಬೇಕು? ಇದೇನ್ ತಪ್ಪು ಮಾಡಿದೆ?"

ಮುಚ್ಚಳಕ್ಕೆ ಅರ್ಧ ಬಗ್ಗಿಸಿ ಅವನಿಗೆ ಕೊಟ್ಟೆ. ಉಳಿದದ್ದನ್ನು ನಾನು ಡಬ್ಬಿಯಿಂದಲೇ ಕುಡಿದೆ. ಉಪ್ಪು ಸರಿಯಾಗಿತ್ತು. ಅವನು ಒಂದು ಗುಟುಕು ನುಂಗಿ, "ಇನ್ನೂ ಬಿಸಿಯಿದೆ," ಎಂದ. ಆಮೇಲೆ ತಲೆ ಬಗ್ಗಿಸಿಕೊಂಡು, ಅಳುತ್ತಲೇ, ಪೂರ್ತಿ ಕುಡಿದ. ನಾನು ಅವನ ಕನ್ನಡಕ ತೆಗೆದು ನನ್ನ ದುಪಟ್ಟಾದಲ್ಲಿ ಒರೆಸಿ ಮತ್ತೆ ಹಾಕಿದೆ.

"ನಾಳೆ?" ಎಂದ.

"ಎಂದಿನ ಹಾಗೇ ಬಾ. ಕೊಡ್ತೀನಿ."

"ಅವಳು ಮುಟ್ಟಲ್ಲ ಯಮುನಾ."

"ಮುಟ್ಟದಿದ್ರೆ ಸಂಜೆ ಇಲ್ಲೇ ಕೂತು ನಾವು ಕುಡಿಯೋಣ. ಆದ್ರೆ ಅವರಿಗೆ ಹಸಿವಾದಾಗ ಪಕ್ಕದಲ್ಲಿ ಬಿಸಿಯಾಗಿರ್ಲಿ. ಯಾರು ಮಾಡಿದ್ದು ಅಂತ ಕೇಳಿದ್ರೆ..."

"ಯಮುನಾ ಅಂತೀನಿ."

ಮಾರನೆಯ ಬೆಳಿಗ್ಗೆ ಎದ್ದು, ಒಲೆ ಹಚ್ಚಿ, ಡಬ್ಬಿಗೆ ಕುದಿಯುವ ನೀರು ಹೊಯ್ದು ಮುಚ್ಚಿಟ್ಟೆ.