ಮದ್ದಿಗೆ ಬಿದ್ದ ಉಪ್ಪು

“ಹೇಳಿ! ಈ ಮದ್ದಿಗೆ ಉಪ್ಪು ಬೆರೆಸಿದ್ದು ಯಾರು?”

ಹಿತ್ತಲ ಅಂಗಳದಲ್ಲಿ ಮಗ ಕೂಗಿದ ರಭಸಕ್ಕೆ ಗೋಡೆಯ ಮೇಲಿನ ಕಾಗೆ ಹಾರಿಹೋಯಿತು. ಅವನ ಮುಂದಿನ ಹಲಗೆಯ ಮೇಲೆ ಹಾರದೆ ಉಳಿದ ಪಟಾಕಿಯ ಬಾಣವೊಂದು ಹೊಟ್ಟೆ ಸೀಳಿಸಿಕೊಂಡು ಬಿದ್ದಿತ್ತು. ಕಪ್ಪು ಪುಡಿಯ ನಡುವೆ ಬಿಳಿ ಹರಳುಗಳು ಬಿಸಿಲಿಗೆ ಮಿನುಗುತ್ತಿದ್ದವು. ತಾಯಿ ಅದನ್ನು ನೋಡಿದಳು. ಪಕ್ಕದಲ್ಲಿ ಕಾಗದದ ಕೊಳವೆಗಳಿಗೆ ಅಂಟು ಬಳಿಯುತ್ತಿದ್ದ ಸೊಸೆ ಕೈ ನಿಲ್ಲಿಸಿದಳು.

“ನಿನ್ನೆ ಕೆಂಪು ಹೂವು ಅರಳ್ಬೇಕಿದ್ದಲ್ಲಿ ಹಳದಿ ಬಂದಾಗ್ಲೇ ಅಂದ್ಕೊಂಡೆ. ಉಪ್ಪು ಬಿದ್ರೇನೇ ಬೆಂಕಿ ಹಾಗೆ ಬಣ್ಣ ತಿರುಗೋದು. ತೇವ ಎಳ್ಕೊಂಡು ಮದ್ದೆಲ್ಲ ಸತ್ತುಹೋಗಿದೆ! ಅಮ್ಮ, ನೀನೇನಾದ್ರೂ ನೋಡಿದ್ಯಾ?”

ತಾಯಿ ಬಾಯಿ ತೆರೆದಳು. ಆದರೆ ಅವಳ ಕಣ್ಣು… ಆ ಹಾಳು ಕಣ್ಣು ಮೆಲ್ಲಗೆ ಸೊಸೆಯ ಕಡೆ ಹೊರಳಿತು! ಮಗನೂ ಅತ್ತಲೇ ನೋಡಿದ. ಸೊಸೆ ಒಂದು ಕ್ಷಣ ಅತ್ತೆಯ ಮುಖ ನೋಡಿ, ಕೈಯ ಅಂಟನ್ನು ಬಟ್ಟೆಗೆ ಒರೆಸಿಕೊಂಡು ಎದ್ದು ನಿಂತಳು.

“ನಾನೇ ರೀ… ನಾನೇ ಹಾಕ್ದೆ.”

“ನೀನಾ?!” ಮಗನ ಮುಖ ಕೆಂಪಾಯಿತು. “ಅಲ್ಲಿ ಆ ಹುಡುಗಿ ಬಾಳು ಬೀದಿಗೆ ಬಂತಲ್ಲೇ! ಬಿಡು, ನಿನ್ನ ಹತ್ರ ಮಾತಾಡೋದೇ ಬೇಡ. ನಿಮ್ಮಣ್ಣಂಗೆ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗ್ಲಿ.” ಅಷ್ಟು ಹೇಳಿ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ಆ ಹುಡುಗಿ ಎಂದರೆ ಗಿರಣಿ ಯಜಮಾನರ ಮಗಳು. ನಿನ್ನೆ ಸಂಜೆ ಅವಳ ಮದುವೆ. ಅಲ್ಲಿ ಹಾರಿಸಲು ಬಾಣ ಕೊಟ್ಟದ್ದು ಈ ಪಟಾಕಿ ಮಾಡುವ ಮನೆ. ಮದುವೆಯ ಮೊದಲ ಬಾಣ ಆಕಾಶದಲ್ಲಿ ಅರಳಿದರೆ ಸಂಸಾರವೂ ಅರಳುತ್ತದೆ, ಟುಸ್ಸೆಂದರೆ ಹೆಣ್ಣಿನ ಕಾಲ್ಗುಣವೇ ಸರಿಯಿಲ್ಲ ಎಂಬುದು ಆ ಊರಿನವರ ನಂಬಿಕೆ. ಓದಿದವರೂ ಅದನ್ನು ನಗುತ್ತಲೇ ಹೇಳುತ್ತಾರೆ, ನಗುತ್ತಲೇ ನಂಬುತ್ತಾರೆ! ನಿನ್ನೆ ಮೊದಲ ಬಾಣ ಆಳೆತ್ತರ ಏರಿ, ಕೆಮ್ಮಿ, ಹುಲ್ಲಿನ ಮೇಲೆ ಬಿತ್ತು. ಎರಡನೆಯದು ಕಾಮಾಲೆ ಹಿಡಿದಂತೆ ಹಳದಿ ಉಗುಳಿತು. ವರನ ತಾಯಿ ಅಲ್ಲಿಂದಲೇ ಮಗನ ತೋಳು ಹಿಡಿದು ಮನೆಗೆ ಹೊರಟಳು. ಮದುಮಗಳು ಹೊಸ ಬಟ್ಟೆಯಲ್ಲೇ ತಂದೆಯ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಉಪ್ಪು ಹಾಕಿದವಳು ಸೊಸೆಯಲ್ಲ, ಈ ತಾಯಿ. ಅವಳು ಸೊಸೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಅವಳ ಅತ್ತೆ ಕಿವಿಯಲ್ಲಿ ಹೇಳಿದ್ದಳು: “ಬೆಂಕಿಗೂ ನಮ್ಮನೆ ಉಪ್ಪು ತಿನ್ನಿಸ್ಬೇಕು ಕಣೇ. ಉಪ್ಪು ತಿಂದ ಮನೆಗೆ ಅದು ಎರಡು ಬಗೆಯಲ್ಲ. ಗಂಡಸರಿಗೆ ಮಾತ್ರ ಹೇಳ್ಬೇಡ.” ಅಂದಿನಿಂದ ದಿನವೂ ಮದ್ದಿನ ಮನೆಯ ಹೊಸ್ತಿಲ ಮೂಲೆಯಲ್ಲಿ ಒಂದು ಚಿಟಿಕೆ ಉಪ್ಪು ಬೀಳುತ್ತಿತ್ತು. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಗಂಡ ಹೆಂಡಿರ ನಡುವೆ ಅಂಗಿಯ ಗುಂಡಿಯ ವಿಷಯಕ್ಕೆ ಜಗಳವಾಯಿತು. ಅಂಗಿಯ ಗುಂಡಿ! ‘ಇವತ್ತು ಹಾಕಲ್ಲ, ಏನಾಗುತ್ತೋ ಆಗ್ಲಿ’ ಎಂದು ಅವಳು ಬೇಕೆಂದೇ ಉಪ್ಪಿನ ಡಬ್ಬಿ ಮುಚ್ಚಿಟ್ಟಳು. ಅಂದು ಮಧ್ಯಾಹ್ನ ಮದ್ದಿನ ಮನೆಯ ಚಾವಣಿ ಹಾರಿತು, ಗಂಡನೂ ಉಳಿಯಲಿಲ್ಲ. ತಾನೇ ಕೊಂದೆ ಎಂಬ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಈಚೆಗೆ ಮಗನ ಹುಬ್ಬು ಸುಟ್ಟಿತು, ಬರೀ ಹುಬ್ಬು ಅಷ್ಟೆ. ಆದರೆ ತಾಯಿಗೆ ಬೆಂಕಿ ರುಚಿ ನೋಡಿ ಹೋದಂತೆ ಕಂಡಿತು. ಹೊಸ್ತಿಲ ಚಿಟಿಕೆ ಸಾಲದೆಂದು ಅವಳು ಒಣಗಲು ಹರಡಿದ ಮದ್ದಿಗೇ ಮುಷ್ಟಿ ಮುಷ್ಟಿ ಉಪ್ಪು ಬೆರೆಸತೊಡಗಿದಳು.

ಸೊಸೆ ಒಳಗೆ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ತಾಯಿ ಬಾಗಿಲಿಗೆ ಒರಗಿ ನಿಂತಳು.

“ಯಾಕೆ ಒಪ್ಕೊಂಡೆ?”

“ನೀವು ಹಾಕೋದನ್ನ ಮೊನ್ನೆ ನೋಡಿದ್ದೆ ಅತ್ತೆ. ಮಾವನವರ ಹೆಸರು ಹೇಳ್ಕೊಂಡು ಅಳ್ತಿದ್ರಿ. ನಿಮ್ಮನ್ನ ಅಳಿಸಿ ಕೇಳೋದು ಹೇಗೆ ಅಂತ ಸುಮ್ನಾದೆ. ಬಾಣ ಹೇಗೂ ಹಾರುತ್ತೆ ಬಿಡು ಅಂದ್ಕೊಂಡೆ… ತಪ್ಪು ನಂದೂ ಇದೆ.” ಸೊಸೆ ತಲೆಯೆತ್ತಲಿಲ್ಲ. “ಅವರಿಗೆ ಗೊತ್ತಾದ್ರೆ ನಿಮ್ಮನ್ನ ಮದ್ದಿನ ಮನೆ ಹತ್ರಾನೂ ಬಿಡಲ್ಲ. ನನ್ನ ಮೇಲಿನ ಸಿಟ್ಟು ಹೇಗೋ ಇಳಿಯುತ್ತೆ ಅತ್ತೆ.”

ಆಗಲೇ ಓಡಿಹೋಗಿ ಮಗನನ್ನು ನಿಲ್ಲಿಸಬೇಕಿತ್ತು. ಯಾವ ತಾಯಿಯಾದರೂ, ಯಾವ ಹೆಂಗಸಾದರೂ ಅಷ್ಟು ಮಾಡುತ್ತಿದ್ದಳು. ಇವಳು ಏನು ಹೇಳಿದಳು ಗೊತ್ತೆ? “ನಾಲ್ಕು ದಿನ ಇದ್ದು ಬಾ ಮಗಳೇ, ಎಲ್ಲ ಸರಿಹೋಗುತ್ತೆ” ಎಂದಳು! ಹೇಳಿದ ಮೇಲೆ ತನ್ನ ದನಿ ತನಗೇ ಹೇಸಿಗೆಯಾಗಿ, ನೀರು ಕುಡಿಯುವ ನೆವದಲ್ಲಿ ಅಡುಗೆಮನೆಗೆ ಹೋದಳು.

ಸೊಸೆಯ ಅಣ್ಣ ದರ್ಜಿ. ಅಳತೆಯ ಟೇಪನ್ನು ಕೊರಳಿನಿಂದ ತೆಗೆಯುವುದನ್ನೂ ಮರೆತು ಓಡಿಬಂದಿದ್ದ. ಮಗನೂ ಅವನ ಹಿಂದೆಯೇ ಒಳಗೆ ಬಂದ. ಅಣ್ಣ ತಂಗಿಯನ್ನು ಒಂದು ಮಾತೂ ಕೇಳದೆ ನೇರವಾಗಿ ತಾಯಿಯ ಮುಂದೆ ಬಂದು ತಲೆತಗ್ಗಿಸಿ ನಿಂತ.

“ಅಮ್ಮಾ, ಚಿಕ್ಕೋಳಿದ್ದಾಗ್ಲೇ ತಾಯಿ ಕಳ್ಕೊಂಡೋಳು. ಬುದ್ಧಿ ಹೇಳೋ ಹೆಣ್ಣು ದಿಕ್ಕು ಮನೇಲಿರ್ಲಿಲ್ಲ. ತಪ್ಪು ನನ್ನ ಸಾಕಣೇದು. ನನ್ನ ಮುಖ ನೋಡಿ ಕ್ಷಮಿಸ್ಬಿಡಿ…” ಗಂಡಸು, ಬಿಕ್ಕಿಬಿಕ್ಕಿ ಅತ್ತ!

ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲವೆಂದು ತಾಯಿಗೆ ಆಗ ತಿಳಿಯಿತು.

“ಸಾಕು ನಿಲ್ಸಪ್ಪ! ನನ್ನ ಮುಂದೆ ತಲೆ ಬಗ್ಗಿಸ್ಬೇಡ. ಉಪ್ಪು ಹಾಕಿದ್ದು ನಾನು!”

ಮಗ ಹತ್ತಿರ ಬಂದು ತಾಯಿಯ ಭುಜ ಹಿಡಿದ. “ಅಮ್ಮ, ನಿಂದು ದೊಡ್ಡ ಮನಸ್ಸು. ಅವಳ ತಪ್ಪನ್ನ ನೀನ್ಯಾಕೆ ಮೈಮೇಲೆ ಹಾಕ್ಕೋತೀಯ?” ದರ್ಜಿಯೂ ಕಣ್ಣೊರೆಸಿಕೊಂಡ. “ನೋಡೇ, ಎಂಥ ಅತ್ತೆ ಸಿಕ್ಕಿದಾರೆ ನಿಂಗೆ! ಹೆತ್ತ ತಾಯಿನೂ ಹೀಗೆ ಮಾಡಲ್ಲ.”

ಬೈದಿದ್ದರೆ ಬದುಕುತ್ತಿದ್ದಳು, ಹೊಗಳಿ ಕೊಂದರು. ಇಲ್ಲಿಗೇ ನಿಲ್ಲಿಸಿದರೂ ಆಗುತ್ತಿತ್ತು, ದೊಡ್ಡ ಮನಸ್ಸಿನವಳೆಂಬ ಹೆಸರೂ ಉಳಿಯುತ್ತಿತ್ತು. ತಾಯಿ ಮಗನ ಕೈಯನ್ನು ಭುಜದಿಂದ ತೆಗೆದಳು. ಅತ್ತೆ ಹೇಳಿಕೊಟ್ಟದ್ದು, ಹೊಸ್ತಿಲು, ಅಂಗಿಯ ಗುಂಡಿಯ ಜಗಳ, ಮುಚ್ಚಿಟ್ಟ ಡಬ್ಬಿ, ಎಲ್ಲವನ್ನೂ ಹೇಳಿದಳು. “ನಿಮ್ಮಪ್ಪನ್ನ ನಾನೇ ಕೊಂದೆ ಕಣೋ… ನಿನ್ನನ್ನಾದ್ರೂ ಉಳಿಸ್ಕೋಬೇಕು ಅಂತ…” ಎಂದಳು.

ಮಗ ಅವಳ ಮುಂದೆ ಕುಳಿತ. “ಅಪ್ಪ ಹೋಗಿದ್ದು ಕಬ್ಬಿಣದ ಸೌಟಿಂದ ಅಮ್ಮ. ಮರದ್ದು ಮುರಿದಿತ್ತು, ಕಬ್ಬಿಣದಲ್ಲೇ ಮದ್ದು ಕೆರೆದ, ಕಿಡಿ ಹಾರ್ತು. ಊರಿಗೆಲ್ಲ ಗೊತ್ತು.”

“ನಂಗೂ ಗೊತ್ತು ಮಗಾ. ಗೊತ್ತಿದ್ರೂ ಮನಸ್ಸು ಒಪ್ಪಲಿಲ್ಲ.”

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಚೀಲ ಕೆಳಗಿಟ್ಟಿರಲಿಲ್ಲ. “ಯಾಕೆ ಹಾಕ್ದೆ ಅಂತ ಒಂದ್ಸಲ ಕೇಳಿದ್ರೆ ಸಾಕಿತ್ತು ನೀವು. ಕೇಳ್ಲೇ ಇಲ್ಲ” ಎಂದಳು. ಅವನು ನೆಲ ನೋಡುತ್ತ ಮೆಲ್ಲಗೆ ಹೇಳಿದ, “ವರನ ಮನೆಗೂ ಹೋಗಿ ಹೇಳಿ ಬಂದ್ಬಿಟ್ಟೆ… ನನ್ನ ಹೆಂಡ್ತಿ ಮಾಡಿದ್ದು ಅಂತ.”

ತಾಯಿ ಬೀದಿಗಿಳಿದಳು. ಬೇಕರಿ ದಾಟಿ, ಕ್ಷೌರದ ಅಂಗಡಿ ದಾಟಿ, ವರನ ಮನೆಯ ಮುಂದೆ ಹೋಗಿ ನಿಂತಾಗ ವರನ ತಾಯಿ ಜಗಲಿಯ ಮೇಲೆ ನೆರೆಹೊರೆಯವರ ನಡುವೆ ನ್ಯಾಯ ಹೇಳುತ್ತ ಕುಳಿತಿದ್ದಳು.

“ಮದುಮಗಳ ಕಾಲ್ಗುಣ ಅಲ್ಲಮ್ಮ ಅದು. ನನ್ನ ಕೈ ಮಾಡಿದ್ದು. ಮದ್ದಿಗೆ ಉಪ್ಪು ಬೆರೆಸಿದೋಳು ನಾನು.”

“ಬೆಳಿಗ್ಗೆ ನಿಮ್ಮ ಮಗ ಬಂದು ಸೊಸೆ ಅಂದ್ರು, ಈಗ ನೀವು ಅಂತೀರಿ. ನಾಳೆ ಯಾರೋ? ತಮ್ಮನೆ ಮದ್ದಿಗೆ ತಾವೇ ಉಪ್ಪು ಹಾಕೋರು ಎಲ್ಲಾದ್ರೂ ಇದಾರಾ?”

ಹಾಗಾಗಿ ತಾಯಿ ಇನ್ನೊಮ್ಮೆ ಹೇಳಬೇಕಾಯಿತು. ಬೀದಿಯಲ್ಲಿ ನಿಂತು, ಗುರುತಿಲ್ಲದವರ ಮುಂದೆ, ಗಂಡನ ಸಾವನ್ನೂ ತನ್ನ ಹಟವನ್ನೂ ಬಿಚ್ಚಿಟ್ಟಳು. “ಪಟಾಕೀದೂ ಉಪ್ಪಿನಕಾಯಿ ಹಾಕಿದ್ರಾ ಅಮ್ಮಾ?” ಎಂದು ಕ್ಷೌರದ ಅಂಗಡಿಯಿಂದ ಯಾರೋ ಕೇಳಿದರು. ಬೀದಿಯೆಲ್ಲ ಗೊಳ್ಳೆಂದಿತು. ತಾಯಿ ನಗು ನಿಲ್ಲುವ ತನಕ ಕಾದಳು. “ನನ್ನ ಸೊಸೆ ಮೇಲೆ ಹಾಕಿದ್ದು ಸುಳ್ಳು. ನಾನು ಎದುರಿಗೇ ನಿಂತು ಸುಮ್ಮನಿದ್ದೆ. ನಗೋದಾದ್ರೆ ನನ್ನ ನೋಡಿ ನಗಿ. ಆ ಹುಡುಗೀನ ಮನೆಗೆ ಕರ್ಕೊಳ್ಳಿ.”

ವರನ ತಾಯಿ ನಗಲಿಲ್ಲ. ಒಳಗಿದ್ದ ಮಗನಿಗೆ ಕೇಳುವಂತೆ, “ಹೋಗಪ್ಪ, ನಿನ್ನ ಹೆಂಡ್ತೀನ ಕರ್ಕೊಂಡು ಬಾ” ಎಂದಳು.

ತಾಯಿ ಹಿಂತಿರುಗಿದಾಗ ಸೊಸೆ ಬೀದಿಯಂಚಿನಲ್ಲಿ ನಿಂತಿದ್ದಳು. ಬಂದು ಅವಳ ತೋಳು ಹಿಡಿದುಕೊಂಡಳು.

“ನಡೀರಿ ಅತ್ತೆ, ಬಿಸಿಲಿದೆ.”

“ನೀನು ಹೋಗ್ಲಿಲ್ವಾ?”

“ನಿಮ್ಮನ್ನ ಮನೆ ಮುಟ್ಟಿಸಿ ಹೋಗ್ತೀನಿ. ಅಣ್ಣ ಕಾಯ್ತಿದಾನೆ.”

ಹೋಗಬೇಡ ಎನ್ನಬೇಕೆನಿಸಿತು ತಾಯಿಗೆ. ಯಾವ ಬಾಯಲ್ಲಿ ಹೇಳುವುದು? ನಾಲ್ಕು ದಿನ ಇದ್ದು ಬಾ ಎಂದವಳೂ ತಾನೇ ಅಲ್ಲವೇ! ಅವಳು ತಲೆ ತಗ್ಗಿಸಿಕೊಂಡು ಸೊಸೆಯ ಹೆಜ್ಜೆಗೆ ಹೆಜ್ಜೆ ಹಾಕಿದಳು. ಮನೆ ಬೇಗ ಬಾರದಿರಲಿ ಎಂದು ಮಾತ್ರ ಬೇಡಿಕೊಂಡಳು.