ಅವಳ ಲಾಗಿನ್‌ನಲ್ಲಿ ಒತ್ತಿದ ಒಪ್ಪಿಗೆ

"ನನ್ನ ಹೆಸರಲ್ಲಿ ಒಪ್ಪಿಗೆ ಒತ್ತೋಕೆ ನೀನ್ಯಾರೋ, ಸಿಡುಕಪ್ಪ?"

ಟೆಸ್ಟ್ ರೂಮಿನ ಬಾಗಿಲನ್ನು ಅವಳು ಕಾಲಿನಿಂದಲೇ ದೂಡಿ ಮುಚ್ಚಿದಳು. ಸಿಟ್ಟು ಬಂದರೆ ಅವಳ ಕಿವಿಯ ತುದಿ ಕೆಂಪಾಗುತ್ತದೆ. ಆರು ವರ್ಷದಿಂದ ಕದ್ದು ನೋಡುತ್ತಾ ಬಂದವನು ನಾನು. ಆ ಹೊತ್ತಿನಲ್ಲೂ ನೋಡಿದೆ.

"ಕಿರುಚಬೇಡ ಟೀಚರಮ್ಮ. ಒಂದು ಸಾಲಿನ ವಿಷಯ."

ಚಿಪ್ಪಿನ ಸರ್ಕ್ಯೂಟನ್ನು ಕೋಡಿನಲ್ಲಿ ಬರೆಯುವುದು ನನ್ನ ಕೆಲಸ, ತಪ್ಪು ಹುಡುಕುವುದು ಅವಳದು. ನಾನು ಬರೆದ ಒಂದು ಸಾಲನ್ನು ಎರಡು ರೀತಿ ಓದಬಹುದಿತ್ತು. ಯಾವುದು ಸರಿಯೆಂದು ಆ ಕೋಡ್ ಭಾಷೆಯ ನಿಯಮಪುಸ್ತಕವಾದ ಸ್ಟ್ಯಾಂಡರ್ಡ್ ಬಿಡಿಸಿ ಹೇಳಿಲ್ಲ. ಟೆಸ್ಟ್ ಮಾಡುವ ಟೂಲ್ ಒಂದು ರೀತಿ ಓದಿ ಪಾಸ್ ಮಾಡಿತು. ಕೋಡನ್ನು ಸರ್ಕ್ಯೂಟಾಗಿಸುವ ಟೂಲ್ ಇನ್ನೊಂದು ರೀತಿ ಓದಿ ಎಚ್ಚರಿಕೆ ಕೊಟ್ಟಿತು. ತಿದ್ದಿದರೆ ಟೆಸ್ಟೆಲ್ಲ ಮೊದಲಿನಿಂದ, ಮೂರು ವಾರ. ನಿನ್ನೆ ಅವಳು ಊಟಕ್ಕೆ ಹೋದಾಗ ಅವಳ ಕಂಪ್ಯೂಟರ್ ತೆರೆದೇ ಇತ್ತು. 'ನೋಡಿದ್ದೇನೆ, ತೊಂದರೆಯಿಲ್ಲ' ಎಂದು ಒತ್ತಿಬಿಟ್ಟೆ. ಡಿಸೈನ್ ಫ್ಯಾಕ್ಟರಿಗೆ ಹೋಯಿತು.

"ಸ್ಟ್ಯಾಂಡರ್ಡ್ ಬರೆದವರಿಗೇ ಗೊತ್ತಿಲ್ಲ. ನಿನಗೇನು ಮಹಾ ಗೊತ್ತು?"

"ಗೊತ್ತಿಲ್ಲ, ಅದಕ್ಕೇ ತಿದ್ದು ಅಂದೆ. 'ಗೊತ್ತಿಲ್ಲ' ಅನ್ನೋ ಮಾತು ಹೇಳೋಕೆ ನಿನಗೆ ನಾಲಿಗೆ ಹೊರಳಲ್ಲ."

"ಯಾರಿಗೋಸ್ಕರ ಮಾಡ್ದೆ? ಚಿಪ್ ಫ್ಯಾಕ್ಟರಿಗೆ ಹೋದ ದಿನ ಮದುವೆಗೆ ಉತ್ತರ ಹೇಳ್ತೀನಿ ಅಂದವಳು ನೀನೇ! ಈ ವಯಸ್ಸಲ್ಲಿ ಇನ್ನೂ ಎಷ್ಟು ಕಾಯಬೇಕಿತ್ತು?"

ಅವಳು ಉತ್ತರ ಹೇಳಿದ್ದು ನಿನ್ನೆ ಸಂಜೆ, ಆಫೀಸಿನ ಗೇಟಿನಲ್ಲಿ. ನನ್ನ ಕಿರುಬೆರಳಿಗೆ ತನ್ನ ಬೆರಳು ಸಿಕ್ಕಿಸಿ, ನೆಲ ನೋಡುತ್ತಾ, "ಹೂಂ, ಆಗಲಿ" ಅಂದಿದ್ದಳು. ರಸ್ತೆ ದಾಟುವವರೆಗೂ ಬೆರಳು ಬಿಟ್ಟಿರಲಿಲ್ಲ.

ಈಗ ಮೇಜಿನ ಫೋನನ್ನು ನನ್ನತ್ತ ಸರಿಸಿದಳು.

"ಹನ್ನೆರಡರೊಳಗೆ ಹೇಳಿದ್ರೆ ಫ್ಯಾಕ್ಟರಿಯವರು ನಿಲ್ಲಿಸ್ತಾರೆ. 'ಒತ್ತಿದ್ದು ನಾನು' ಅಂತ ನೀನೇ ಹೇಳು. ನಿನ್ನೆ ಅಂದಿದ್ದನ್ನ ನಾನು ಹಿಂದೆ ತಗೊಳ್ಳಲ್ಲ."

ಹನ್ನೊಂದೂ ಮುಕ್ಕಾಲಾಗಿತ್ತು. ಮ್ಯಾನೇಜರ್ ಮುಂದೆ, ನಿನ್ನೆ ಮೊನ್ನೆ ಸೇರಿದವರ ಮುಂದೆ ತಲೆ ತಗ್ಗಿಸಬೇಕಲ್ಲ ಎಂದು ಮೈಯೆಲ್ಲ ಉರಿಯಿತು.

"ಬೇಕಾದರೆ ನೀನೇ ಮಾಡು. ಹೆಸರು ನಿಂದೇ ಅಲ್ವಾ?"

ನನ್ನನ್ನೇ ನೋಡುತ್ತಾ ಅವಳು ನಂಬರ್ ಒತ್ತಿದಳು. "ನಿಲ್ಲಿಸಿ. ಆ ಒಪ್ಪಿಗೆ ನಂದಲ್ಲ." ಯಾರದು ಎಂದು ಅವರು ಕೇಳಿರಬೇಕು. "ಗೊತ್ತಿಲ್ಲ" ಅಂದಳು. ಹುಟ್ಟಿದಾಗಿನಿಂದ ಸುಳ್ಳು ಹೇಳದ ಹೆಂಗಸು.

ಫೋನಿಟ್ಟು ಚೀಲ ಹೆಗಲಿಗೇರಿಸಿದಳು.

"ಹೋಗು, ಹೋಗು! ಸಿಟ್ಟಿಳಿದ ಮೇಲೆ ನೀನೇ ಬರ್ತೀಯ!" ಇಡೀ ಕಾರಿಡಾರಿಗೆ ಕೇಳುವಂತೆ ಅರಚಿದೆ.

ಅವಳು ಬರಲಿಲ್ಲ.